ಬೆತ್ತದ ಪ್ಲಾಂಟರ್ ಕುರ್ಚಿಯಲ್ಲಿ ಹಳೆಯದು ಯಾವುದು?

ಕೊಡಗು ಮತ್ತು ಮಲೆನಾಡಿನ ಹಳೆಯ ತೋಟದ ಬಂಗಲೆಗಳ ಜಗಲಿಯಲ್ಲಿ ಕಾಣಸಿಗುವ, ಬೆನ್ನು ಹಿಂದಕ್ಕೆ ವಾಲಿದ, ಕೈಗಳು ಮಾತ್ರ ಅಳತೆ ಮೀರಿ ಉದ್ದವಾದ ಆರಾಮಕುರ್ಚಿಯನ್ನು, ಅಂದರೆ ಪ್ಲಾಂಟರ್ ಕುರ್ಚಿಯನ್ನು, ಅಂಗಡಿಯವರು ‘ಬ್ರಿಟಿಷರ ಕಾಲದ್ದು, ಬೆತ್ತ ಕೂಡ ಒರಿಜಿನಲ್’ ಎಂದು ಹೇಳಿ ಮಾರುತ್ತಾರೆ. ಮೊದಲ ಮಾತು ನಿಜವಿದ್ದೀತು. ಎರಡನೆಯದನ್ನು ನಾನು ನಂಬುವುದಿಲ್ಲ. ದಿನವೂ ಕೂರುವ ಕುರ್ಚಿಯ ಬೆತ್ತ ಒಣಗಿ ಪೆಡಸಾಗಿ, ಚೌಕಟ್ಟಿನ ಅಂಚಿನಲ್ಲಿ ಎಳೆಯೆಳೆಯಾಗಿ ತುಂಡಾಗುತ್ತದೆ. ಅದನ್ನು ಬಿಚ್ಚಿ ಮತ್ತೆ ಹೆಣೆಯಬೇಕೆಂದೇ ಈ ಕುರ್ಚಿಗಳನ್ನು ಮಾಡಿದ್ದರು.

ಆಗ್ನೇಯ ಏಷ್ಯಾದ ಬೆತ್ತ 17ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಗಳ ಹಡಗುಗಳಲ್ಲಿ ಯುರೋಪಿಗೆ ಹೋಯಿತು, ಆ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನಲ್ಲಿ ಬೆತ್ತದ ಕುರ್ಚಿ ದೊಡ್ಡ ಫ್ಯಾಷನ್ ಆಯಿತು. ಅದೇ ಕಾಲದಲ್ಲಿ ನಮ್ಮ ಕೋರಮಂಡಲ ಕರಾವಳಿಯ ಬಡಗಿಗಳೂ ಯುರೋಪಿಯನ್ನರಿಗಾಗಿ ಕರಿಮರದ ಕುರ್ಚಿಗಳನ್ನು ಕೆತ್ತಿ, ಕೂರುವ ಜಾಗಕ್ಕೆ ಬೆತ್ತ ಹೆಣೆದು ಕೊಡುತ್ತಿದ್ದರು. ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಆರಂಭವಾದದ್ದು 1854ರಲ್ಲಿ. ಸಕಲೇಶಪುರದ ಸುತ್ತಲಿನ ಮಂಜರಾಬಾದಿನಲ್ಲಿ ಕಾಫಿ ಬೆಳೆಗಾರ ರಾಬರ್ಟ್ ಎಲಿಯಟ್ ನೆಲೆಯೂರಿದ್ದು 1856ರಲ್ಲಿ. ಆ ಹೊತ್ತಿಗೆ ಬೆತ್ತದ ಕೆಲಸ ಇಲ್ಲಿ ಹೊಸತೇನೂ ಆಗಿರಲಿಲ್ಲ. ತೇಗ, ಬೀಟೆ, ಹಲಸಿನ ಮರ ಕೈಗೆಟಕುವಂತಿತ್ತು. ಘಟ್ಟದ ಕಾಡುಗಳಲ್ಲಿ ಹಂದಿಬೆತ್ತ, ನಾಗಬೆತ್ತಗಳೂ ಇದ್ದವು. ಮಳೆಗಾಲದಲ್ಲಿ ಮೆತ್ತೆಗೆ ಬೂಷ್ಟು ಹಿಡಿಯುವ, ತಗಣೆ ಸೇರುವ ಊರುಗಳಲ್ಲಿ ಗಾಳಿಯಾಡುವ ಬೆತ್ತಕ್ಕೆ ಬೇರೆ ಸಾಟಿ ಇರಲಿಲ್ಲ. ಸ್ಥಳೀಯ ಬಡಗಿಗಳು ತಮ್ಮ ಕೆಲಸಕ್ಕೆ ಸಾಮಾನ್ಯವಾಗಿ ಹೆಸರಿನ ಗುರುತು ಹಾಕುತ್ತಿರಲಿಲ್ಲವಾದ್ದರಿಂದ ಇಂಥ ಕುರ್ಚಿಗೆ ಖಚಿತವಾದ ಇಸವಿ ಹೇಳುವವರ ಬಗ್ಗೆ ಸ್ವಲ್ಪ ಎಚ್ಚರವಿರಲಿ.

ಹೆಣೆಯುವ ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ. ಚೌಕಟ್ಟಿನ ಸುತ್ತ ಸುಮಾರು ಅರ್ಧ ಅಂಗುಲಕ್ಕೊಂದರಂತೆ ತೂತುಗಳಿರುತ್ತವೆ. ಬೆತ್ತದ ಮೇಲ್ಸಿಪ್ಪೆಯನ್ನು ಸೀಳಿದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಓರೆಯಾಗಿ ಎರಡು ಸಲ ಎಳೆಯುತ್ತಾರೆ. ಎಳೆ ಜಾರದಂತೆ ತೂತಿಗೆ ಸಿಗಿಸಿದ ಪುಟ್ಟ ಮರದ ಗೂಟವನ್ನು ಮುಂದಿನ ತೂತಿಗೆ ದಾಟಿಸುತ್ತಾ ಹೋಗುವ ಆ ಕೈಗಳನ್ನು ನೋಡುತ್ತಾ ಕುಳಿತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಓರೆ ಎಳೆಗಳು ಬಂದ ಮೇಲೆ ಚೌಕದ ಕಂಡಿಗಳೆಲ್ಲ ಎಂಟು ಮೂಲೆಯವಾಗುತ್ತವೆ, ಒಣಗಿದಾಗ ಹೆಣಿಗೆ ತಮಟೆಯಂತೆ ಬಿಗಿಯುತ್ತದೆ. ಈ ಕೆಲಸವನ್ನು ಅಂಧರ ಶಾಲೆಗಳಲ್ಲಿಯೂ ಕಲಿಸುತ್ತಿದ್ದರು. ಬೆರಳಿಗೆ ತೂತಿನ ಲೆಕ್ಕ ಸಿಕ್ಕರೆ ಕಣ್ಣಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಬೆತ್ತ ಬದಲಾಗುತ್ತಲೇ ಇರುವುದರಿಂದ ಕುರ್ಚಿಯ ವಯಸ್ಸನ್ನು ಮರದಲ್ಲಿ ಹುಡುಕಬೇಕು. ಉದ್ದನೆಯ ಕೈಗಳ ಅಡಿಯಲ್ಲಿ ಕಾಲು ಚಾಚಲು ಹೊರಕ್ಕೆ ತಿರುಗಿಸುವ ಪಟ್ಟಿಗಳಿರುತ್ತವೆ. ಅವನ್ನು ತಿರುಗಿಸಿ ಕೈಯ ಕೆಳಭಾಗವನ್ನು ಬೆಳಕಿಗೆ ಹಿಡಿದರೆ, ವರ್ಷಗಟ್ಟಲೆ ಉಜ್ಜಿದ ಕಮಾನಿನಂಥ ಗೀರು ಕಾಣಬೇಕು, ತಿರುಗಣಿಯ ತೂತೂ ತುಸು ಸವೆದಿರಬೇಕು. ಪಟ್ಟಿಗಳು ಕಳೆದುಹೋಗಿದ್ದರೂ ಆ ಗೀರು ಉಳಿದಿರುತ್ತದೆ. ಬೆತ್ತದ ಬದಲು ಪ್ಲಾಸ್ಟಿಕ್ ವೈರ್ ಹಾಕಿದ್ದರೆ ನನಗೆ ತಕರಾರಿಲ್ಲ, ಅದನ್ನು ಕತ್ತರಿಸಿ ತೆಗೆದರಾಯಿತು. ಆದರೆ ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆಯನ್ನು ಕೂರಿಸುವುದಕ್ಕಾಗಿ ಹಳೆಯ ತೂತುಗಳ ಮೇಲೆಯೇ ಕಾಲುವೆ ಕೊರೆದುಬಿಟ್ಟಿದ್ದರೆ, ಆ ಚೌಕಟ್ಟಿಗೆ ಮತ್ತೆ ಕೈಯಿಂದ ಹೆಣೆಸುವುದು ಕಷ್ಟ. ಅಂಥದ್ದಕ್ಕೆ ನಾನು ಹಳೆಯ ಕುರ್ಚಿಯ ಬೆಲೆ ಕೊಡುವುದಿಲ್ಲ.