ನದಿಯ ಮೇಲೆ ಕಾರು: ಇನುವಿಕ್‌ನಿಂದ ಅಕ್ಲಾವಿಕ್‌ಗೆ

ಕೆನಡಾದ ದೂರದ ಉತ್ತರದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಓಡುವ ಐಸ್ ರಸ್ತೆ ಅಂದರೆ ಎಲ್ಲರೂ ಟಕ್ಟೊಯಾಕ್ಟಕ್ ಎಂಬ ಊರಿಗೆ ಹೋಗುತ್ತಿದ್ದ ರಸ್ತೆಯ ಹೆಸರು ಹೇಳುತ್ತಾರೆ. ಆ ರಸ್ತೆ ಈಗಿಲ್ಲ. 2017ರಲ್ಲಿ ಅಲ್ಲಿಗೆ ವರ್ಷವಿಡೀ ಓಡಾಡುವ ರಸ್ತೆ ಬಂತು. ಹಳೆಯ ವಿಡಿಯೊ ನೋಡಿ ಹೊರಡಬೇಡಿ. ನಾನೂ ನನ್ನ ಹೆಂಡತಿಯೂ ಹೋಗಿದ್ದು ಇನುವಿಕ್‌ನಿಂದ ಅಕ್ಲಾವಿಕ್‌ಗೆ. ಹೆಪ್ಪುಗಟ್ಟಿದ ಮ್ಯಾಕೆಂಜಿ ನದಿಯ ಕವಲುಗಳೇ ಇಲ್ಲಿ ರಸ್ತೆ, ಸುಮಾರು 117 ಕಿಲೋಮೀಟರ್.

ಮಾರ್ಚ್ ಕೊನೆಯಲ್ಲಿ ಹೋಗಿ. ಡಿಸೆಂಬರ್‌ನಲ್ಲಿ ಇನುವಿಕ್‌ಗೆ ಕತ್ತಲು ಕವಿದರೆ ಸುಮಾರು 30 ದಿನ ಸೂರ್ಯ ಹುಟ್ಟುವುದೇ ಇಲ್ಲ. ಮಾರ್ಚ್ ಕೊನೆಗೆ ಹಗಲು 12 ಗಂಟೆಗೂ ಜಾಸ್ತಿ, ಮಂಜುಗಡ್ಡೆ ಇನ್ನೂ ಗಟ್ಟಿ.

ಬಾಡಿಗೆ ಕಾರನ್ನು ಐಸ್ ರಸ್ತೆಗೆ ಒಯ್ಯಬಹುದೇ ಅಂತ ಮೊದಲೇ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಬಾನೆಟ್ ಮುಂದೆ ಎಂಜಿನ್ ಬೆಚ್ಚಗಿಡುವ ಹೀಟರ್‌ನ ಒಂದು ವೈರು ನೇತಾಡುತ್ತಿರುತ್ತದೆ. ರಾತ್ರಿ ಅದನ್ನು ಪ್ಲಗ್‌ಗೆ ಚುಚ್ಚದಿದ್ದರೆ ಬೆಳಿಗ್ಗೆ ಎಂಜಿನ್ ಏಳುವುದು ಕಷ್ಟ.

ಗಾಳಿ ಹಿಮ ಗುಡಿಸಿದ ಕಡೆ ಮಂಜುಗಡ್ಡೆ ಕಪ್ಪು ಗಾಜಿನಂತಿದೆ, ಒಳಗೆ ಬಿಳಿ ಬಿರುಕುಗಳು. ನಿಂತು ಕಿವಿಗೊಟ್ಟರೆ ಢಮ್ ಅಂತ ಸದ್ದು ಬರುತ್ತದೆ. ನನ್ನ ಹೆಂಡತಿ ನನ್ನ ತೋಳು ಬಿಗಿಯಾಗಿ ಹಿಡಿದಳು. ಚಳಿ ಏರಿಳಿದಾಗ ಮಂಜುಗಡ್ಡೆ ಹಿಗ್ಗಿ ಕುಗ್ಗುವ ಸದ್ದು ಅದು, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ರಸ್ತೆಯ ಅಂಚಿಗೆ. ಅಲ್ಲಿ ಬಿದ್ದಿರುವ ಹಿಮ ಕಂಬಳಿ ಹೊದಿಸಿದ ಹಾಗೆ. ಅದರಡಿ ಚಳಿ ಇಳಿಯುವುದಿಲ್ಲ, ಮಂಜುಗಡ್ಡೆ ತೆಳ್ಳಗೇ ಉಳಿಯುತ್ತದೆ. ರಸ್ತೆ ದಪ್ಪವಾಗಲೆಂದೇ ಹಿಮ ತೆಗೆಯುತ್ತಾರೆ. ಕೆಲವು ಕಡೆ ಹಿಮದಡಿ ಮಂಜುಗಡ್ಡೆಯ ಮೇಲೇ ನೀರು ನಿಂತಿರುತ್ತದೆ, ಮೇಲಿಂದ ಕಾಣುವುದಿಲ್ಲ. ಫೋಟೊಗೆಂದು ನಾನು ಅಂಚಿಗೆ ಸರಿದೆ. ಒಂದು ಚಕ್ರ ಮೆತ್ತನೆಯ ಹಿಮಕ್ಕೆ ಇಳಿಯಿತು. ಇಪ್ಪತ್ತು ನಿಮಿಷ ಯಾರೂ ಬರಲಿಲ್ಲ. ಆಮೇಲೆ ಬಂದ ಪಿಕಪ್‌ನವರು ನಾವು ಕೈ ಬೀಸುವ ಮೊದಲೇ ನಿಂತರು, ಹಗ್ಗ ಕಟ್ಟಿ ಎಳೆದರು, ದುಡ್ಡು ಮುಟ್ಟಲಿಲ್ಲ. ನಿಲ್ಲಲೇಬೇಕಿದ್ದರೆ ಹಿಮ ತೆಗೆದ ಜಾಗದಲ್ಲೇ, ದೂರಕ್ಕೆ ಕಾಣುವ ಕಡೆ ನಿಲ್ಲಿಸಿ. ಮಲಗುವ ಚೀಲ, ಸಲಿಕೆ, ಹಗ್ಗ ಕಾರಿನಲ್ಲಿರಲಿ. ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಫೋನ್ ಸಿಗ್ನಲ್ಲನ್ನೂ ನಂಬಿಕೊಳ್ಳಬೇಡಿ.

ಅಕ್ಲಾವಿಕ್‌ನಲ್ಲಿ ಸುಮ್ನೆ ಫೋಟೊ ತೆಗೆದು ತಿರುಗಬೇಡಿ. ಪ್ರವಾಹದ ಕಾಟಕ್ಕೆ 1950ರ ದಶಕದಲ್ಲಿ ಸರ್ಕಾರ ಈ ಊರನ್ನೇ ಎಬ್ಬಿಸಲು ಹೊರಟು, ಇನುವಿಕ್ ಕಟ್ಟಿತು. ಎಷ್ಟೋ ಮನೆಯವರು ಕದಲಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಈಗಲೂ ಇಲ್ಲೇ ಇದ್ದಾರೆ. ಮಾತಾಡಿಸಿ.

ಹೊರಡುವ ಬೆಳಿಗ್ಗೆ ಸರ್ಕಾರದ ರಸ್ತೆ ಮಾಹಿತಿ ನೋಡಿ. ಗಾಳಿ ಎದ್ದರೆ ವಾಪಸ್ ಬರಲಾಗದೆ ಅಲ್ಲೇ ಉಳಿಯಬೇಕಾದೀತು. ಹಾಗಾಗಿ ಉಳಿಯುವ ಜಾಗ ಮೊದಲೇ ವಿಚಾರಿಸಿಡಿ, ವಿಮಾನದ ಟಿಕೆಟ್‌ಗೆ ಎರಡು ದಿನ ಬಿಡುವು ಇಟ್ಟುಕೊಳ್ಳಿ.