ಪೌಂಡಿನ ಗುರುತು ಅಂದ್ರೆ 'ನ'

ಹೋದ ತಿಂಗಳು ಒಬ್ಬರು ಪೆನ್‌ಡ್ರೈವ್ ಹಿಡಿದುಕೊಂಡು ಅಂಗಡಿಗೆ ಬಂದರು. ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯ ಕೆಲಸ. "ಇದೆಂತ ಅಕ್ಕ, ಫೈಲೆಲ್ಲ ಹಾಳಾಗಿದೆ ಮಾರಾಯ್ರೆ. ಮೊಬೈಲಲ್ಲಿ ತೆಗೆದ್ರೆ ಬರೀ ಎಬಿಸಿಡಿ, ಅದರ ತಲೆ ಮೇಲೆ ಸೊಟ್ಟ ಗೀಟು" ಅಂದರು.

ಫೈಲು ಹಾಳಾಗಿರಲಿಲ್ಲ. 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಅವರ ಫೋನಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ನಾನು ಅವರ ಫೋನನ್ನೇ ತೆಗೆದುಕೊಂಡು "ಅಧ್ಯಕ್ಷರ ನುಡಿ... ಊರ ಹತ್ತು ಸಮಸ್ತರ ಸಹಕಾರದಿಂದ..." ಅಂತ ಓದುತ್ತಾ ಹೋದೆ. ಅವರು ನನ್ನನ್ನು ದೈವ ಮೈಮೇಲೆ ಬಂದ ದರ್ಶನದ ಪಾತ್ರಿಯನ್ನು ನೋಡುವ ಹಾಗೆ ನೋಡಿದರು.

ಇದರಲ್ಲಿ ಕಾರಣಿಕ ಏನೂ ಇಲ್ಲ. ಹದಿನೆಂಟು ವರ್ಷ ಡಿಟಿಪಿ ಮಾಡಿದವರಿಗೆ ಯಾರಿಗಾದರೂ ಬರುತ್ತದೆ. 'ಕನ್ನಡ' ಎಂದು ಹೊಡೆದದ್ದು ಫಾಂಟ್ ಇಲ್ಲದ ಕಡೆ ಹೀಗೆ ಕಾಣುತ್ತದೆ: ದೊಡ್ಡ ಪಿ, ಗೀಟಿನ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಎಸ್ಸು, ಸಣ್ಣ ಕ್ಯೂ, ಕಡೆಗೆ ಇನ್ನೊಂದು ಗೀಟಿನ ಎ. ಆ ಎ ಅಂದರೆ ತಲೆಕಟ್ಟು. ಪೌಂಡ್ ಅಂದರೆ ನ. ಜರ್ಮನ್ ಎಸ್ಸು ನಕಾರದ ಒತ್ತು. ಒಂದು ಸಲ ಗೊತ್ತಾದರೆ ಮುಗಿಯಿತು, ಸಾವಿರ ಪುಟದಲ್ಲೂ ಪೌಂಡ್ ನಕಾರವೇ.

ಅದೇ ಸಂಚಿಕೆಗೆ ಹಳೆಯ ಸಂಚಿಕೆಯೊಂದರ ಲೇಖನ ಬೇಕಿತ್ತು. ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರವನ್ನು ಓದಿ ಟೈಪ್ ಮಾಡಿಕೊಡುವ ಓಸಿಆರ್‌ಗೆ ಹಾಕಿದೆ. ಬಂದದ್ದು ಅಪ್ಪಟ ಕನ್ನಡ ಲಿಪಿ, ಒತ್ತು, ದೀರ್ಘ, ಪೂರ್ಣವಿರಾಮ ಎಲ್ಲ ಇದೆ. ಓದಿದರೆ 'ದೆವಸಾಧ್ನನದ ಜೀಣೊರ್‍ದಾಠ'. ಮುಂದಿನ ಸಾಲಿನಲ್ಲಿ ಅದೇ ದೇವಸ್ಥಾನ 'ದೀವಸ್ಮಾನ', ಅದರ ಮುಂದೆ 'ದೇಪಸ್ಥಾಸ'. ನೋಡಿದರೆ ಕನ್ನಡ, ಒಳಗೆ ಬೂಸಾ. ಮೊದಲಿನದ್ದು ನೋಡಿದರೆ ಬೂಸಾ, ಒಳಗೆ ಕನ್ನಡ. ಎರಡನ್ನೂ ಒಂದೇ ದಿನ ಮೇಜಿನ ಮೇಲೆ ಇಟ್ಟುಕೊಂಡು ಕೂತವಳಿಗೆ ತಲೆಯೊಳಗೆ ಹುಳ ಬಿಟ್ಟಂತಾಯಿತು.

ಮನೆಗೆ ಬಂದರೆ ಅಣ್ಣನ ಮಗಳದ್ದು ಕ-ಭಾಷೆ. "ಕಅಕತ್ತೆ, ಕನೀಕನು ಕಬಾ." ನಾವೂ ಚಿಕ್ಕಂದಿನಲ್ಲಿ ದೊಡ್ಡವರಿಗೆ ಗೊತ್ತಾಗಬಾರದು ಅಂತ ಆಡಿದ್ದೇ. ಗತ್ತಿನಲ್ಲಿ "ಕಬಂಕದೆ ಮಾಕರಾಯ್ತಿ" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. "ತಪ್ಪು ಅತ್ತೆ! ಕಮಾಕರಾಕಯ್ತಿ!" ಎಂಟು ವರ್ಷದ ಮಗು ನನ್ನ ಪ್ರೂಫ್ ತಿದ್ದಿತು. ಓಸಿಆರಿನ ಆ 'ದೀವಸ್ಮಾನ'ಕ್ಕೆ ತಪ್ಪು ಅನ್ನುವ ಯೋಗ್ಯತೆ ಕೂಡ ಇಲ್ಲ. ಅದು ಯಾವುದರ ತಪ್ಪು ಅಂತ ಹೇಳಲು ನಾನು ಮೂಲದ ಪುಟಕ್ಕೇ ಹೋಗಬೇಕು. ಕ-ಭಾಷೆಯಲ್ಲಿ ತಪ್ಪು ಮಾಡಬಹುದು, ಮಾಡಿದರೆ ಹಿಡಿಯುವವರಿದ್ದಾರೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ವಾರ ಟೈಪ್‌ಗೆ ಬಂದ ಲೇಖನ ಚಾರಿಷನ್ ಎಂಬ ಗ್ರೀಕ್ ಪ್ರಹಸನದ್ದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್, ಸಂಖ್ಯೆ 413, ಕ್ರಿ.ಶ. 2ನೇ ಶತಮಾನದ್ದು. ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯನ್ನು ಅವಳ ಅಣ್ಣ ಬಂದು, ಇಲ್ಲಿನ ರಾಜನಿಗೆ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ಹಾಸ್ಯಗಾರ ಹೂಸು ಬಿಟ್ಟೇ ವೈರಿಗಳನ್ನು ಓಡಿಸುತ್ತಾನೆ. ಎಲ್ಲಿ ವಾದ್ಯ ಬಾರಿಸಬೇಕು ಅಂತ ನಡುನಡುವೆ ಗುರುತೂ ಹಾಕಿದ್ದಾರೆ. ನಮ್ಮ ಯಕ್ಷಗಾನದ ಆಟದವರಿಗೆ ಕೊಟ್ಟರೆ ಬೆಳಗಿನವರೆಗೆ ಎಳೆದಾರು.

ರಾಜನೂ ಅವನ ಕಡೆಯವರೂ ಆಡುವ ಹೆಚ್ಚಿನ ಮಾತು ಗ್ರೀಕ್ ಲಿಪಿಯಲ್ಲಿದೆ, ಭಾಷೆ ಗ್ರೀಕ್ ಅಲ್ಲ. 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಇದು ಕನ್ನಡ ಅಂದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಾಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ಗೋವಿಂದ ಪೈಗಳೂ ಇದರ ಬಗ್ಗೆ ಬರೆದರು. ಹಲ್ಮಿಡಿ ಶಾಸನವೇ ಸುಮಾರು ಕ್ರಿ.ಶ. 450. ಅದಕ್ಕೂ ಮುನ್ನೂರು ವರ್ಷ ಹಿಂದೆ ನೈಲ್ ನದಿಯ ಹತ್ತಿರ ಕನ್ನಡ! ಟೈಪ್ ಮಾಡುತ್ತಾ ನನಗೇ ರೋಮಾಂಚನ. ಆಮೇಲೆ ಪ್ರೂಫ್ ನೋಡುವ ಬುದ್ಧಿ ಎದ್ದಿತು.

ಒಂದು ಸಾಲು ಹೀಗಿದೆ: 'ಬೆರೆ ಕೊಂಜೆಯಿ ದಮುನ್ ಪೆತ್ರೆಕಿಯೊ ಪಾಕ್ತೆಯಿ'. ಇದನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಪಾಕ್ತೆಯಿ ಹಾಕಿ ಆದದ್ದು ನೋಡಿ ಹಳಗನ್ನಡದ ಪ ಹ ಆದದ್ದು ಗೊತ್ತಿರುವವರಿಗೆ ಮೈ ಝುಮ್ ಅನ್ನುತ್ತದೆ. ಆದರೆ ದಮುನ್ ಮಧು ಆಗಬೇಕಾದರೆ ಅಕ್ಷರವನ್ನೇ ತಿರುಗುಮುರುಗು ಮಾಡಬೇಕಲ್ಲ? ಅಂಗಡಿಯಲ್ಲಿ ನನ್ನ ಹುಡುಗಿ ಹಾಗೆ ತಿದ್ದಿದ್ದರೆ ನಾನು ಬೈಯುತ್ತಿದ್ದೆ. ಇನ್ನೊಂದು ಉದ್ದದ ಮಾತನ್ನು 'ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು' ಅಂತ ಬಿಡಿಸಿದ್ದಾರೆ. ಅಲ್ಲಿ ನಾಟಕದೊಳಗೇ ಒಬ್ಬ ಗ್ರೀಕಿನಲ್ಲಿ "ಏನಂತೆ?" ಅಂತ ಕೇಳುತ್ತಾನೆ, ಇನ್ನೊಬ್ಬ "ಪಾಲಿಗೆ ಚೀಟಿ ಎತ್ತೋಣ ಅನ್ನುತ್ತಾನೆ" ಅಂತ ಅರ್ಥ ಹೇಳುತ್ತಾನೆ. ಮಧುವೂ ಇಲ್ಲ, ಪಾನವೂ ಇಲ್ಲ. 1926ರಲ್ಲಿ ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸರು ಇದನ್ನು ಕನ್ನಡ ಅಲ್ಲ ಎಂದು ಅಲ್ಲಗಳೆದರು. ನಮ್ಮವರಿಗೆ ಬೇಸರವಾಗಿರಬೇಕು. ನನಗೆ ಬಾರ್ನೆಟ್ ಮಾತೇ ಸರಿ ಕಾಣುತ್ತದೆ.

ಹಾಗಂತ ಬರೀ ಬಡಬಡಿಕೆಯೇ? ಗ್ರೀಕರಿಗೆ ಹೊರಗಿನವರ ಮಾತೆಲ್ಲ 'ಬರ್ ಬರ್' ಅಂತಲೇ ಕೇಳಿಸುತ್ತಿತ್ತು, ಅದರಿಂದಲೇ ಬಾರ್ಬರೋಸ್ ಅಂತ ಹೆಸರಿಟ್ಟರು. ಜನರನ್ನು ನಗಿಸಲು ಏನೋ ಒದರಿಸಿರಬಹುದು. ಆದರೆ ಆ ಸಾಲಿನ ಮುಂದೆಯೇ 'ಬೆರೆ' ಮತ್ತೆ ಬರುತ್ತದೆ. 'ಪೆತ್ರೆಕಿಯೊ' ಮತ್ತೆ ಬರುತ್ತದೆ, ಪಕ್ಕದಲ್ಲಿ 'ದಮುತ್'. ಹಿಂದೆಮುಂದೆ ಆಗಿದೆ, ಮಾತು ಅವೇ. ಓಸಿಆರ್ ಕಸದಲ್ಲಿ ಹೀಗೆ ಆಗುವುದಿಲ್ಲ. ಪೌಂಡಿನ ಗುರುತು ಮತ್ತೆ ಮತ್ತೆ ಕಂಡಾಗ ಬೆರಳು ತನ್ನಷ್ಟಕ್ಕೆ ನಿಲ್ಲುತ್ತದಲ್ಲ, ಅಂಥದ್ದೇ ಅನಿಸಿತು. ಇಲ್ಲಿನ ಯಾವುದೋ ಬಂದರಿನ ಮಾತು ಹಡಗಿನವರ ಕಿವಿಗೆ ಬಿದ್ದು, ಅರ್ಧ ನೆನಪಾಗಿ, ನಕಲು ಮಾಡುವವರ ಕೈಯಲ್ಲಿ ಇನ್ನರ್ಧ ಕೆಟ್ಟಿರಬಹುದು. ಯಾವ ಮಾತು ಅಂತ ಮಾತ್ರ ಅದರಿಂದ ಹೇಳಲಾಗದು. ಪದಗಳ ನಡುವೆ ಜಾಗ ಬಿಡದೆ ಬರೆದದ್ದು, ಎಲ್ಲಿ ಬೇಕಾದರೂ ಕತ್ತರಿಸಬಹುದು. ಕತ್ತರಿ ನಮ್ಮ ಕೈಯಲ್ಲಿದ್ದರೆ ನಮಗೆ ಬೇಕಾದ ಪದವೇ ಸಿಗುತ್ತದೆ. ಇದರಲ್ಲಿ ಮಲ್ಪೆಯನ್ನು ಕಂಡವರಿದ್ದಾರೆ, ಇಡೀ ಮಾತೇ ತುಳು ಅಂದವರೂ ಇದ್ದಾರೆ.

ರಾತ್ರಿ ಕರಡು ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮ ಅಕ್ಕಿ ಆರಿಸುತ್ತಾ ಕೂತಿದ್ದರು. 'ಮಲ್ಪಿನಿ' ಅಂತ ಒಂದು ಕಡೆ ಬಂದದ್ದೇ, ತಲೆ ಎತ್ತಿದರು. ನಮ್ಮ ಮನೆಮಾತು ತುಳು, ಮಲ್ಪುನಿ ಅಂದರೆ ಮಾಡುವುದು.

"ಎಂತ ಮಾಡುವುದಂತೆ?" ಅಂತ ಕೇಳಿದರು.

"ಗೊತ್ತಿಲ್ಲಮ್ಮ, ಎರಡು ಸಾವಿರ ವರ್ಷ ಹಿಂದಿನದ್ದು."

"ಹಾಗಾದರೆ ಮಾಡಿ ಆಗಿರಬಹುದು" ಅಂತ ಹೇಳಿ ಮತ್ತೆ ಗೆರಸೆಗೆ ಕೈ ಹಾಕಿದರು.