‘ಎಲ್ಲರಿಗೂ ಅನ್ವಯಿಸುತ್ತದೆ’ ಅಂತ ಬರೆದರೆ ಸಾಲದಾ?

ಸಂಸ್ಥೆಗಳಿಗೆ ಪಾಲಿಸಿ ಬರೆದುಕೊಡುವುದು ನನ್ನ ಕೆಲಸ. ವಿಮೆಯ ಪಾಲಿಸಿ ಅಲ್ಲ. ರಜೆ, ಪಾಸ್‌ವರ್ಡ್, ಉಡುಗೊರೆ, ಕಿರುಕುಳ ಇಂಥದ್ದಕ್ಕೆಲ್ಲ ಒಳಗಡೆ ನಿಯಮ ಇರುತ್ತವಲ್ಲ, ಅದು. ಪ್ರತಿ ಪಾಲಿಸಿಯ ಶುರುವಿನಲ್ಲೂ ‘ವ್ಯಾಪ್ತಿ’ ಅಂತ ಒಂದು ಪ್ಯಾರಾ ಬರುತ್ತದೆ. ಇದು ಯಾವುದರ ಬಗ್ಗೆ, ಯಾರಿಗೆ ಎಂದು ಹೇಳುವ ಜಾಗ. ಅಲ್ಲಿಗೆ ಬಂದ ಕೂಡಲೇ ಎದುರಿಗೆ ಕೂತವರು ಗಡಿಯಾರ ನೋಡಲು ಶುರು ಮಾಡುತ್ತಾರೆ. ಆಮೇಲೆ ಅದೇ ಪ್ರಶ್ನೆ. “ಇದಕ್ಯಾಕೆ ಇಷ್ಟು ಹೊತ್ತು? ಎಲ್ಲರಿಗೂ ಅನ್ವಯಿಸುತ್ತದೆ ಅಂತ ಒಂದು ಸಾಲು ಹಾಕಿ. ಮುಗೀತಲ್ವಾ?”

ಮುಗಿಯುವುದಿಲ್ಲ. ಯಾಕೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ.

ಒಂದು ಸಂಸ್ಥೆಯ ಸಹಾಯವಾಣಿ ವಿಭಾಗ. ಏಜೆನ್ಸಿ ಮೂಲಕ ಬಂದಿದ್ದ ಹುಡುಗನೊಬ್ಬ ಕಂಪ್ಯೂಟರ್ ಪರದೆಯ ಫೋಟೊ ತೆಗೆದು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಯಾರೋ ಗ್ರಾಹಕರು ಸಿಟ್ಟಿನಲ್ಲಿ ಬರೆದ ದೂರು. ಓದಿದರೆ ನಗು ಬರುವಂತಿತ್ತು. ಆದರೆ ದೂರಿನ ಮೇಲ್ಗಡೆ ಅವರ ಹೆಸರು, ಫೋನ್ ನಂಬರ್, ಮನೆ ವಿಳಾಸ ಎಲ್ಲ ಕಾಣುತ್ತಿತ್ತು. ಅದು ಸುತ್ತಿ ಬಳಸಿ ಅವರ ಕೈಗೇ ಬಂತು. ನಾನು ಹೋಗುವ ಹೊತ್ತಿಗೆ ಮ್ಯಾನೇಜರ್ ಪಾಲಿಸಿಯ ಪ್ರಿಂಟ್ ಹಿಡಿದು ಕೂತಿದ್ದರು. ಅದರಲ್ಲಿ ಹೀಗಿತ್ತು: “ಸಂಸ್ಥೆಯ ಎಲ್ಲ ಉದ್ಯೋಗಿಗಳು ಸಂಸ್ಥೆಯ ಸಾಧನಗಳನ್ನು ಬಳಸುವಾಗ ಗ್ರಾಹಕರ ಮಾಹಿತಿಯನ್ನು ಗೋಪ್ಯವಾಗಿ ಇಡತಕ್ಕದ್ದು.”

ಅವರು ಪೆನ್ನಿನ ತುದಿಯನ್ನು ಒಂದೊಂದೇ ಪದದ ಮೇಲೆ ಇಡುತ್ತಾ ಹೋದರು. ಉದ್ಯೋಗಿ? ಅಲ್ಲ, ಏಜೆನ್ಸಿಯವನು. ಸಂಸ್ಥೆಯ ಸಾಧನ? ಅಲ್ಲ, ಅವನದೇ ಫೋನು. ಹುಡುಗನನ್ನು ಕೇಳಿದರೆ, “ಆ ಪಾಲಿಸಿ ನಿಮ್ಮವರಿಗೆ ಅಲ್ವಾ ಸಾರ್? ನಮಗೆ ಯಾರೂ ಕೊಟ್ಟೇ ಇಲ್ಲ” ಅಂದ. ಅವನು ಮಾಡಿದ್ದು ತಪ್ಪು ಎನ್ನುವುದರಲ್ಲಿ ಅಲ್ಲಿದ್ದ ಯಾರಿಗೂ ಅನುಮಾನ ಇರಲಿಲ್ಲ. ಆದರೆ ಅವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಆ ಸಾಲಿನಲ್ಲಿ ‘ಎಲ್ಲ’ ಅನ್ನುವ ಪದ ಇತ್ತು ನೋಡಿ. ಬರೆದವರಿಗೆ ಎಲ್ಲರನ್ನೂ ಹಿಡಿದೆ ಅನ್ನಿಸಿರಬೇಕು.

ಮೊದಲು ‘ಯಾವುದು’ ಅನ್ನುವುದನ್ನು ನೋಡೋಣ. ಕಾಪಾಡಬೇಕಾಗಿದ್ದು ಗ್ರಾಹಕರ ಮಾಹಿತಿ. ಪಾಲಿಸಿ ಕಟ್ಟಿಹಾಕಿದ್ದು ಕಂಪ್ಯೂಟರಿಗೆ. ಈ ತಪ್ಪು ನನಗೆ ಎಲ್ಲ ಕಡೆ ಸಿಗುತ್ತದೆ. ಸಾಧನ, ಕಟ್ಟಡ, ಕೆಲಸದ ವೇಳೆ ಇವೆಲ್ಲ ಕಣ್ಣಿಗೆ ಕಾಣುತ್ತವೆ. ಹಾಗಾಗಿ ಅವುಗಳ ಸುತ್ತ ಗೆರೆ ಎಳೆಯುವುದು ಸುಲಭ. ಆದರೆ ಮಾಹಿತಿ ಸ್ವಂತ ಫೋನಿಗೂ ಹೋಗುತ್ತದೆ, ಕಾಗದದ ಚೀಟಿಗೂ ಹೋಗುತ್ತದೆ, ಬಸ್ಸಿನಲ್ಲಿ ಜೋರಾಗಿ ಮಾತಾಡಿದರೆ ಪಕ್ಕದವರ ಕಿವಿಗೂ ಹೋಗುತ್ತದೆ. ಏನನ್ನು ಕಾಪಾಡಬೇಕೋ ಅದರ ಹೆಸರನ್ನೇ ಬರೆದರೆ ಅದು ಹೋದಲ್ಲೆಲ್ಲ ನಿಯಮವೂ ಹೋಗುತ್ತದೆ.

ಇನ್ನು ‘ಯಾರು’. ನಾವು ದಿನಾ ಬಳಸುವ ಪದಗಳನ್ನೇ ತಗೊಳ್ಳಿ. ಉದ್ಯೋಗಿ, ನೌಕರ, ಸಿಬ್ಬಂದಿ, ಕೆಲಸಗಾರ. ಮಾತಿನಲ್ಲಿ ಒಂದರ ಬದಲು ಇನ್ನೊಂದು ನಡೆಯುತ್ತದೆ. ಆದರೆ ಒಂದೇ ಪಾಲಿಸಿಯ ಮೊದಲ ಪುಟದಲ್ಲಿ ‘ಸಿಬ್ಬಂದಿ’, ಮೂರನೇ ಪುಟದಲ್ಲಿ ‘ಉದ್ಯೋಗಿ’ ಅಂತ ಬರೆದರೆ, ಶಿಸ್ತುಕ್ರಮದ ಹೊತ್ತಿಗೆ ಯಾರಾದರೊಬ್ಬರು ಇವೆರಡೂ ಬೇರೆ ಬೇರೆ ಅಂತ ವಾದ ಹೂಡುತ್ತಾರೆ. ಅವರ ವಾದದಲ್ಲಿ ಹುರುಳೂ ಇರುತ್ತದೆ. ಒಂದು ಪದ ಆರಿಸಿಕೊಂಡು, ಅದರೊಳಗೆ ಯಾರ್‍ಯಾರು ಬರುತ್ತಾರೆ ಎಂದು ಒಮ್ಮೆ ಹೇಳಿ, ಕೊನೆಯವರೆಗೂ ಅದನ್ನೇ ಬಳಸಬೇಕು. ಓದಲು ಬೇಜಾರಾಗುತ್ತದೆ, ನಿಜ. ಪಾಲಿಸಿ ಬರೆಯುವುದು ಕಥೆ ಬರೆದ ಹಾಗಲ್ಲವಲ್ಲ.

ಇದಕ್ಕಿಂತ ಕೆಟ್ಟ ಪದಗಳು ಎರಡಿವೆ: ‘ಸಂಬಂಧಪಟ್ಟವರು’ ಮತ್ತು ‘ಮುಂತಾದವರು’. ಎರಡೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ‘ಸಂಬಂಧಪಟ್ಟವರು ತಕ್ಷಣ ತಿಳಿಸತಕ್ಕದ್ದು’ ಎಂದು ಓದಿದಾಗ ನನಗೆ ಸಂಬಂಧವೇ ಇಲ್ಲ ಅಂತ ಅಂದುಕೊಳ್ಳುವುದು ಮನುಷ್ಯ ಸಹಜ. ‘ಮುಂತಾದವರು’ ಅಂದರೆ, ಬರೆದವರಿಗೆ ಇನ್ನೂ ಯಾರೋ ಇದ್ದಾರೆ ಅನ್ನಿಸಿತ್ತು, ಆದರೆ ಯೋಚನೆ ಮಾಡಲು ಸಾಕಾಗಿತ್ತು ಅಂತ ಅರ್ಥ. ನನ್ನ ಕೈಗೆ ಬಂದ ಕರಡಿನಲ್ಲಿ ಈ ಎರಡು ಪದ ಕಂಡರೆ ಸುಮ್ನೆ ಹೊಡೆದು ಹಾಕುತ್ತೇನೆ. ಆಮೇಲೆ ಆ ಜಾಗದಲ್ಲಿ ಯಾರ ಹೆಸರು ಬರಬೇಕು ಎಂದು ಕೇಳುತ್ತೇನೆ.

ನಿಜವಾಗಿ ಹೊತ್ತು ಹಿಡಿಯುವ ವಿಷಯ ಬೇರೆ ಇದೆ. ‘ಯಾರಿಗೆ ಅನ್ವಯ’ ಅನ್ನುವುದು ಒಂದೇ ಪ್ರಶ್ನೆಯಂತೆ ಕಾಣುತ್ತದೆ. ಅದರೊಳಗೆ ಎರಡಿವೆ. ಈ ನಿಯಮದ ಹೊರೆ ಯಾರ ಮೇಲೆ? ಇದರ ಆಸರೆ ಯಾರಿಗೆ? ಮೊದಲನೆಯ ಪಟ್ಟಿಯನ್ನು ಎಲ್ಲರೂ ಬರೆಯುತ್ತಾರೆ. ಎರಡನೆಯದು ನೆನಪಾಗುವುದೇ ಇಲ್ಲ.

ಕಿರುಕುಳದ ಪಾಲಿಸಿಯನ್ನೇ ನೋಡಿ. ‘ಎಲ್ಲ ನೌಕರರೂ ಪಾಲಿಸಬೇಕು’ ಅಂತ ಇರುತ್ತದೆ. ಸರಿ. ಆದರೆ ಕೆಲಸ ಕೇಳಿಕೊಂಡು ಸಂದರ್ಶನಕ್ಕೆ ಬಂದವರ ಜೊತೆ ಒಳಗಿನವರು ಕೆಟ್ಟದಾಗಿ ನಡೆದುಕೊಂಡರೆ? ಅವರಿನ್ನೂ ನೌಕರರಲ್ಲ. ದೂರು ಕೊಡಬಹುದಾ? ಹೋದ ತಿಂಗಳು ಕೆಲಸ ಬಿಟ್ಟವರು ಈಗ ಬಂದು ಹೇಳಿದರೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಹಿಂಸೆ ಮತ್ತು ಕಿರುಕುಳದ ಬಗ್ಗೆ 190ನೇ ಒಡಂಬಡಿಕೆ ಮಾಡಿತು. ಅದರ 2ನೇ ವಿಧಿ ಆಸರೆಯ ಪಟ್ಟಿಯನ್ನು ಬಿಡಿಸಿ ಹೇಳುತ್ತದೆ: ಯಾವ ಬಗೆಯ ಕಾಂಟ್ರಾಕ್ಟ್ ಆದರೂ ಸರಿ ಕೆಲಸ ಮಾಡುವವರು, ಇಂಟರ್ನ್‌ಗಳು, ಅಪ್ರೆಂಟಿಸ್‌ಗಳು, ಸ್ವಯಂಸೇವಕರು, ಕೆಲಸದಿಂದ ತೆಗೆಯಲ್ಪಟ್ಟವರು, ಕೆಲಸ ಹುಡುಕುತ್ತಿರುವವರು, ಅರ್ಜಿ ಹಾಕಿದವರು. 3ನೇ ವಿಧಿ ಜಾಗದ ಬಗ್ಗೆ. ಕೆಲಸದ ಜಾಗದ ಜೊತೆಗೆ ವಿಶ್ರಾಂತಿ ಪಡೆಯುವ ಜಾಗ, ಶೌಚಾಲಯ, ಕೆಲಸದ ಮೇಲಿನ ಪ್ರಯಾಣ, ಫೋನ್ ಮತ್ತು ಇಂಟರ್ನೆಟ್ಟಿನ ಮಾತುಕತೆ, ಸಂಸ್ಥೆ ಕೊಟ್ಟ ವಸತಿ, ಕೆಲಸಕ್ಕೆ ಹೋಗಿಬರುವ ದಾರಿ ಕೂಡ ಅಲ್ಲಿದೆ. ಈ ಎರಡು ವಿಧಿಗಳನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ಪಾಲಿಸಿಯ ವ್ಯಾಪ್ತಿ ಓದಿ ನೋಡಿ. ಬಿಟ್ಟುಹೋದವರು ಒಬ್ಬರಾದರೂ ಸಿಗುತ್ತಾರೆ.

ಅಕ್ರಮ ಕಂಡು ಬಾಯಿ ಬಿಟ್ಟವರನ್ನು ಕಾಪಾಡುವ ಪಾಲಿಸಿಗಳಲ್ಲೂ ಇದೇ ಕಥೆ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನದಲ್ಲಿ ಮಾಜಿ ನೌಕರರು, ಸರಕು ಪೂರೈಸುವವರು, ಷೇರುದಾರರು ಎಲ್ಲ ಇದ್ದಾರೆ. ದೂರು ಕೊಟ್ಟವರ ಜೊತೆ ಕೆಲಸ ಮಾಡುವ ಕಾರಣಕ್ಕೇ ಸೇಡಿಗೆ ಗುರಿಯಾಗಬಹುದಾದ ಸಹೋದ್ಯೋಗಿಗಳನ್ನೂ ಬಿಟ್ಟಿಲ್ಲ.

ಇಷ್ಟು ಹೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. “ಹಾಗಾದರೆ ವೆಂಡರ್, ಏಜೆನ್ಸಿ, ಗುತ್ತಿಗೆದಾರ ಎಲ್ಲರನ್ನೂ ಎಲ್ಲ ಪಾಲಿಸಿಗೂ ಸೇರಿಸಿಬಿಡಿ” ಅನ್ನುತ್ತಾರೆ. ಇಲ್ಲಿ ಎರಡು ತೊಡಕು.

ನೀವು ಒಳಗೆ ಬರೆದಿಟ್ಟುಕೊಂಡ ಕಾಗದ ಹೊರಗಿನವರನ್ನು ತಾನಾಗಿ ಕಟ್ಟಿಹಾಕುವುದಿಲ್ಲ. ಅವರ ಮತ್ತು ನಿಮ್ಮ ನಡುವೆ ಇರುವುದು ಕಾಂಟ್ರಾಕ್ಟ್. ಇಂತಿಂಥ ಪಾಲಿಸಿ ಪಾಲಿಸುತ್ತೇವೆ ಎನ್ನುವ ಮಾತು ಅದರಲ್ಲಿ ಬರಬೇಕು, ಪಾಲಿಸಿಯ ಪ್ರತಿ ಅವರ ಕೈಗೆ ಸಿಗಬೇಕು. ಆ ಸಹಾಯವಾಣಿಯಲ್ಲಿ ಎರಡೂ ಆಗಿರಲಿಲ್ಲ. ಹಾಗಂತ ಹೊರಗಿನವರು ಹೊರಗೇ ಇರಲಿ ಅಂತ ಕೈ ತೊಳೆದುಕೊಳ್ಳಲೂ ಆಗುವುದಿಲ್ಲ. ಬ್ರಿಟನ್ನಿನ 2010ರ ಲಂಚ ತಡೆ ಕಾಯ್ದೆ ಪ್ರಕಾರ, ಸಂಸ್ಥೆಯ ಪರವಾಗಿ ಸೇವೆ ಮಾಡುವ ಯಾರೇ ಅದರ ವ್ಯವಹಾರಕ್ಕಾಗಿ ಲಂಚ ಕೊಟ್ಟರೂ ಸಂಸ್ಥೆ ಸಿಕ್ಕಿಬೀಳಬಹುದು. ಅವರು ನೌಕರರೋ, ಏಜೆಂಟೋ ಅನ್ನುವುದು ಅಲ್ಲಿ ಮುಖ್ಯ ಅಲ್ಲ. ಲಂಚ ತಡೆಯಲು ತಕ್ಕ ಏರ್ಪಾಡು ಇತ್ತು ಎಂದು ತೋರಿಸಿದರೆ ಪಾರಾಗಬಹುದು. ಹಾಗಾಗಿ ಲಂಚ, ಮಾಹಿತಿ, ಸುರಕ್ಷತೆ, ಕಿರುಕುಳ ಈ ನಾಲ್ಕರಲ್ಲಿ ಹೊರಗಿನವರನ್ನು ನಾನು ಸೇರಿಸಿಯೇ ಸೇರಿಸುತ್ತೇನೆ.

ಉಳಿದದ್ದರಲ್ಲಿ ಸೇರಿಸುವುದಿಲ್ಲ. ಎರಡನೆಯ ತೊಡಕು ಅದೇ. ಗುತ್ತಿಗೆದಾರರಿಗೆ ನಿಮ್ಮ ರಜೆ ಪಾಲಿಸಿ, ಹಾಜರಿ ಪಾಲಿಸಿ, ಬಟ್ಟೆಯ ನಿಯಮ ಎಲ್ಲ ಹೇರಿದರೆ ಅವರು ಹೊರಗಿನವರು ಹೇಗಾಗುತ್ತಾರೆ? ಯಾರು ನೌಕರ, ಯಾರು ಗುತ್ತಿಗೆದಾರ ಎಂದು ತೀರ್ಮಾನಿಸುವಾಗ ಹಲವು ದೇಶಗಳ ಕೋರ್ಟುಗಳು ಕಾಂಟ್ರಾಕ್ಟಿನ ತಲೆಬರಹವನ್ನಷ್ಟೇ ನೋಡುವುದಿಲ್ಲ. ಕೆಲಸದ ಮೇಲೆ ಹಿಡಿತ ಯಾರದ್ದು ಎಂದೂ ನೋಡುತ್ತವೆ. ನೀವೇ ಬರೆದ ‘ಎಲ್ಲರಿಗೂ’ ಅಲ್ಲಿ ನಿಮ್ಮ ವಿರುದ್ಧವೇ ಸಾಕ್ಷಿ ಹೇಳಬಹುದು.

ಬೇರೆ ಸಂಸ್ಥೆಯ ಕಾಗದ ಓದುವಾಗಲೂ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಮಾಹಿತಿ ಸುರಕ್ಷತೆಗೆ ಐಎಸ್ಒ 27001 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಸರ್ಟಿಫಿಕೇಟ್ ಇದೆ ಅಂತ ಗೋಡೆಗೆ ಹಾಕಿರುತ್ತಾರೆ. ಆ ಮಾನದಂಡದ 4.3ನೇ ಕಲಮು ವ್ಯಾಪ್ತಿಯನ್ನು ನಿಗದಿ ಮಾಡಿ ಬರೆದಿಡಲೇಬೇಕು ಅನ್ನುತ್ತದೆ. ಸರ್ಟಿಫಿಕೇಟಿನ ಮೇಲೂ ಆ ವ್ಯಾಪ್ತಿ ಇರುತ್ತದೆ, ಲೋಗೊಗಿಂತ ಸಣ್ಣ ಅಕ್ಷರದಲ್ಲಿ. ಇಡೀ ಸಂಸ್ಥೆ ಇರಬಹುದು, ಒಂದೇ ಒಂದು ವಿಭಾಗವೂ ಇರಬಹುದು. ಇದು ಮೋಸ ಅಲ್ಲ. ಓದದೇ ಇರುವವರ ತಪ್ಪು.

ಬರೆದ ವ್ಯಾಪ್ತಿ ಸರಿಯಾಗಿದೆಯಾ ಅಂತ ಪರೀಕ್ಷಿಸಲು ನನ್ನದೊಂದು ದಾರಿ ಇದೆ. ಖಾಯಂ ನೌಕರರನ್ನು ಬಿಟ್ಟುಬಿಡುತ್ತೇನೆ, ಅವರು ಹೇಗೂ ಒಳಗೆ ಇದ್ದೇ ಇರುತ್ತಾರೆ. ಅಂಚಿನಲ್ಲಿ ನಿಂತವರನ್ನು ಒಬ್ಬೊಬ್ಬರನ್ನಾಗಿ ಕರೆದು ಪಾಲಿಸಿಯ ಮುಂದೆ ನಿಲ್ಲಿಸುತ್ತೇನೆ. ರಾತ್ರಿ ಪಾಳಿಯ ಸೆಕ್ಯುರಿಟಿ. ಎರಡೇ ತಿಂಗಳಿಗೆ ಬಂದ ಇಂಟರ್ನ್. ಪ್ರಿಂಟರ್ ರಿಪೇರಿಗೆ ಬಂದವರು. ದೀರ್ಘ ರಜೆಯ ಮೇಲಿರುವವರು. ಆಡಳಿತ ಮಂಡಳಿಯ ಸದಸ್ಯರು. ಇವರನ್ನು ಮರೆಯುವುದು ಜಾಸ್ತಿ, ಪಾಲಿಸಿಗೆ ಸಹಿ ಹಾಕುವವರು ಇವರೇ ಆದರೂ. ಇವರೆಲ್ಲ ಒಳಗಾ, ಹೊರಗಾ? ಕೋಣೆಯಲ್ಲಿರುವ ಇಬ್ಬರು ಎರಡು ಉತ್ತರ ಕೊಟ್ಟರೆ ಪ್ಯಾರಾ ಇನ್ನೂ ಆಗಿಲ್ಲ ಅಂತ ಅರ್ಥ. ಅನುಮಾನ ಬಂದಾಗ ಯಾರು ತೀರ್ಮಾನ ಹೇಳಬೇಕು ಎನ್ನುವುದಕ್ಕೂ ಒಂದು ಹುದ್ದೆಯ ಹೆಸರು ಬರೆಸುತ್ತೇನೆ.

ಆ ಸಹಾಯವಾಣಿಯ ಪಾಲಿಸಿಯನ್ನು ಹೀಗೇ ಕೂತು ತಿದ್ದಿದೆವು. ಒಂದು ಸಾಲಿನ ವ್ಯಾಪ್ತಿ ಐದು ಸಾಲಾಯಿತು. ‘ಸಂಸ್ಥೆಯ ಸಾಧನ’ ಹೋಗಿ, ‘ಯಾವುದೇ ರೂಪದಲ್ಲಿರುವ ಗ್ರಾಹಕರ ಮಾಹಿತಿ’ ಬಂತು. ನೌಕರರು, ಏಜೆನ್ಸಿ ಮೂಲಕ ಬಂದವರು, ಇಂಟರ್ನ್‌ಗಳು, ರಿಪೇರಿಗೆ ಒಳಬರುವವರು ಅಂತ ಪಟ್ಟಿ ಬೆಳೆಯಿತು. ಏಜೆನ್ಸಿಯ ಕಾಂಟ್ರಾಕ್ಟಿಗೂ ಒಂದು ಕಲಮು ಸೇರಿತು. ಎಲ್ಲ ಮುಗಿದು ನಾನು ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುವಾಗ ಮ್ಯಾನೇಜರ್ ಆ ಪಟ್ಟಿಯನ್ನು ಇನ್ನೊಮ್ಮೆ ಓದಿ ತಲೆ ಎತ್ತಿದರು.

“ಅಂದ ಹಾಗೆ, ನಮ್ಮ ಆ ದೂರಿನ ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲೂ ಇದೆ ಅಲ್ವಾ? ನೀವು ಇದರಲ್ಲಿ ಎಲ್ಲಿ ಬರುತ್ತೀರಿ?”

ಎಲ್ಲೂ ಬರುತ್ತಿರಲಿಲ್ಲ. ಬ್ಯಾಗ್ ಇಳಿಸಿ, ಮತ್ತೆ ಕೂತು, ‘ಸಲಹೆಗಾರರು’ ಅಂತ ಸೇರಿಸಿದೆ.